ಎಂದರೆ ಸರಿ

ಕಟಕಟೆಯ ಅಡ್ಡಪಟ್ಟಿಯ ಮೇಲೆ ಬಣ್ಣ ಹೋದ ಆ ಜಾಗ, ಅಂಗೈಯಗಲ, ಬೋಳುತಲೆಯ ಹಾಗೆ ಮಿರಮಿರ ಹೊಳೆಯುತ್ತಿದೆ, ಇಷ್ಟು ವರ್ಷ ಅದರೆದುರೇ ನಿಂತು ಗಂಟಲು ಹರಿದುಕೊಂಡರೂ ವಕೀಲರ ಕಣ್ಣಿಗೆ ಇವತ್ತೇ ಬಿದ್ದದ್ದು, ಬೆವರು ತಿಂದ ಮರ ಅದು, ಹೆದರಿದವರ ಕೈಬೆವರು, ಈಗ ಅದರ ಮೇಲಿರುವುದು ಮಗಳ ಕೈ — ಅವರು ಕರಿಕೋಟು ಹಾಕದೆ ಹಿಂದಿನ ಬೆಂಚಿನಲ್ಲಿ ಬರೀ ಅಪ್ಪನಾಗಿ ಕೂತಿದ್ದಾರೆ, ಬೆಂಚಿನ ಒಂದು ಕಾಲು ಗಿಡ್ಡ, ಉಸಿರೆಳೆದರೂ ಟಕ್ ಅನ್ನುತ್ತದೆ, ಹಿಂದೆ ಕೂತವರ ಪಾಡು ಇದು ಅಂತ ಯಾವತ್ತಾದರೂ ತಿಳಿದಿತ್ತೇ. ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡ್ತೀರಿ ಎಂದರೆ ಸರಿಯೇ? ಸರಿ. ಆಮೇಲೆ ಮಗುವನ್ನು ನಿಮ್ಮ ತಾಯಿ ನೋಡ್ಕೊಳ್ತಾರೆ ಎಂದರೆ ಸರಿಯೇ? ಸರಿ. ಕೇಳುತ್ತಿರುವವನು ಅವರದೇ ಹಳೆಯ ಜೂನಿಯರ್, ಅವರ ಕಡತಗಳನ್ನು ಹೊತ್ತು ಹೊತ್ತು ಬೆನ್ನು ಬಗ್ಗಿಸಿಕೊಂಡವನು, ಈಗ ಮಗು ಯಾರ ಹತ್ತಿರ ಇರಬೇಕು ಅನ್ನುವ ಈ ಕೇಸಿನಲ್ಲಿ ಅಳಿಯನ ಪರ ವಕೀಲ, ಬೆಳಿಗ್ಗೆ ಪಡಸಾಲೆಯಲ್ಲಿ ಎದುರಾಗಿ ಕೈ ಹಿಸುಕಿಕೊಂಡಿದ್ದ, ಸರ್ ಬೇಜಾರು ಮಾಡ್ಕೋಬೇಡಿ, ವೃತ್ತಿ ಅಂದಮೇಲೆ ನಿಮಗೆ ಗೊತ್ತಲ್ಲ — ಸರಿ ಬಿಡಪ್ಪ, ನಿನ್ನ ಕೆಲಸ ನೀನು ಮಾಡು ಅಂದಿದ್ದರು, ಆ ಸರಿಯ ಅರ್ಥ ಏನಿತ್ತು, ಒಪ್ಪಿದೆ ಅಂತಲೋ, ಹಾಳಾಗಿ ಹೋಗು ಅಂತಲೋ.

ಮೊದಲು ಮೆಟ್ಟಿಲು ಕಟ್ಟು, ಕೊನೆಗೆ ಬಾವಿ ತೋಡು, ಹೇಳಿಕೊಟ್ಟವರು ಅವರೇ, ಸಂಜೆ ಆಫೀಸಿನಲ್ಲಿ ಕಾಲು ಚಾಚಿ ಕೂತು, ಸಣ್ಣ ಸಣ್ಣ ನಿಜಗಳನ್ನೇ ಕೇಳು, ಸರಿ ಸರಿ ಅನ್ನುವುದು ನಾಲಗೆಗೆ ರೂಢಿಯಾಗಲಿ, ದನಿ ಏರಿಸಬೇಡ, ಅದೇ ರಾಗದಲ್ಲಿ ಕೊನೆಯದನ್ನೂ ಕೇಳು, ದಬಕ್ಕನೆ ಬೀಳುತ್ತಾರೆ, ಹೀಗೆ ಮೊದಲು ಬಿದ್ದವನು ಹತ್ತಿ ಗಿರಣಿಯವನು, ಮೂರು ಬೆರಳು ಯಂತ್ರಕ್ಕೆ ಕೊಟ್ಟು ಉಳಿದೆರಡನ್ನು ಇದೇ ಪಟ್ಟಿಯ ಮೇಲಿಟ್ಟು ನಿಂತಿದ್ದ, ಯಂತ್ರ ನಿಲ್ಲಿಸದೆ ನೀವೇ ಕೈ ಹಾಕಿದಿರಿ ಎಂದರೆ ಸರಿಯೇ? ಸರಿ ಸಾಮಿ, ಅಂದ, ದೊಡ್ಡವರು ಮಾತಾಡುವಾಗ ತಲೆಯಾಡಿಸುತ್ತಾರಲ್ಲ, ಕೇಳಿಸ್ತು, ಮುಂದೆ ಹೇಳಿ, ಅಷ್ಟೇ, ಅಷ್ಟೇ ಅವನ ಸರಿ, ಬೆರಳಚ್ಚು ಯಂತ್ರ ಮಾತ್ರ ಟಕಟಕ ಅಂತ ಅದನ್ನು ‘ಎಂದರೆ ಸರಿ’ ಮಾಡಿ, ತಪ್ಪೊಪ್ಪಿಗೆ ಮಾಡಿ ಹಾಕಿತು, ಅಲ್ಲಿಗೆ ಮುಗಿಯಿತು ಅವನ ಪರಿಹಾರದ ಕಥೆ — ವಕೀಲರಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಹುಟ್ಟಿದಂದಿನಿಂದ ಆಡಿದ ಮಾತು ತಿಳಿಯದಿರುತ್ತದೆಯೇ, ಗೊತ್ತಿದ್ದೇ ಮಾಡಿದರು, ಆ ರಾತ್ರಿ ಗಿರಣಿ ಮಾಲೀಕನ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡರು. ಆಮೇಲೆ ಊರೆಲ್ಲ ಸರಿ ಲಾಯರು, ಸರಿ ಲಾಯರು, ಕ್ಷೌರದವನು ಸರದಿ ಮುರಿದು ಅವರನ್ನೇ ಮೊದಲು ಕೂರಿಸಿದ, ಬ್ಯಾಂಕಿನ ಮ್ಯಾನೇಜರ್ ಎದ್ದು ಬಾಗಿಲವರೆಗೂ ಬಂದ, ವಕೀಲರ ಸಂಘದ ಕೋಣೆಯಲ್ಲಿ ಬದುಕಿರುವಾಗಲೇ ಇವರ ಫೋಟೊ ತೂಗುಹಾಕಿದರು, ಏನು ಸಾರ್ ಇಷ್ಟು ಬೇಗ ಗೋಡೆ ಹತ್ತಿಬಿಟ್ಟಿರಿ ಅಂತ ಯಾರೋ ನಕ್ಕರು, ಅವರೂ ನಕ್ಕರು, ಆ ಗಿರಣಿಯವನೂ ಒಮ್ಮೆ ರಸ್ತೆಯಲ್ಲಿ ಎದುರಾದ, ಎರಡೇ ಬೆರಳೆತ್ತಿ ನಮಸ್ಕಾರ ಮಾಡಿದ, ಥೂ, ಒಂದು ಬೈಗುಳವನ್ನಾದರೂ ಬೈಯಬಾರದಿತ್ತೇ.

ಮಗುವಿನ ಹೋಂವರ್ಕ್ ಅದರಪ್ಪನೇ ಮಾಡಿಸ್ತಿದ್ದರು ಎಂದರೆ ಸರಿಯೇ? ಸರಿ. ಮೆಟ್ಟಿಲು, ಮೆಟ್ಟಿಲು, ಏ ಹುಡುಗಿ ನಿಲ್ಲು, ನೀರು ಕುಡಿ, ಸುಸ್ತು ಅನ್ನು, ಏನಾದರೂ ಅನ್ನು — ಮಗಳ ಪರ ವಕೀಲ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಾನೆ, ನ್ಯಾಯಾಧೀಶರು ಕೆಮ್ಮಿದರೂ ಹೌದು ಸ್ವಾಮಿ ಅನ್ನುವ ಗಿರಾಕಿ, ಅವನನ್ನು ಆರಿಸಿದವರೂ ಇವರೇ, ನಮ್ಮ ಮಾತು ಮೀರಲ್ಲ ಅಂತ, ಮಾತು ಮೀರದವರನ್ನೇ ಸುತ್ತ ಕಟ್ಟಿಕೊಂಡದ್ದಾಯಿತಲ್ಲ, ಮನೇನ ಕೋರ್ಟು ಮಾಡ್ಬೇಡಿ, ಅವಳನ್ನ ಒಂದ್ಸಲ ಪ್ರಶ್ನೆ ಬಿಟ್ಟು ಮಾತಾಡ್ಸಿ ಅಂತ ಹೆಂಡತಿ ಬಡಕೊಂಡಳು, ಈಗ ಅವಳು ಮನೆಯಲ್ಲಿ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಫೋನು ನೋಡುತ್ತಿರುತ್ತಾಳೆ, ತಾತ, ನಾನು ನಿಮ್ಮನೇಲೇ ಇರ್ತೀನಲ್ಲ ಅಂತ ಬೆಳಿಗ್ಗೆ ಆ ಪುಟ್ಟದು ಚಪ್ಪಲಿಯ ಬಕಲ್ ಹಾಕಿಸಿಕೊಳ್ಳುತ್ತಾ ಕೇಳಿತು. ಬಾವಿ ಬಂತು. ಮಗು ತಂದೆಯ ಹತ್ತಿರ ಬೆಳೆಯೋದೇ ಅದಕ್ಕೆ ಒಳ್ಳೆಯದು ಎಂದರೆ ಸರಿಯೇ? ಅದೇ ರಾಗ, ಅದೇ ದನಿ, ಒಂದು ಎಳೆ ಹೆಚ್ಚಿಲ್ಲ, ಭಲೇ ಶಿಷ್ಯ — ಸರಿ, ಅಂದಳು ಮಗಳು, ಕೇಳಿಸಿತು, ಮುಂದೆ ಹೇಳಿ ಅನ್ನುವ ಸರಿ, ಮತ್ತೇನೋ ಹೇಳಲು ಬಾಯಿ ತೆರೆದಳು, ಅಷ್ಟು ಸಾಕು ಸ್ವಾಮಿ, ಅಂದ ಅವನು, ಟಕಟಕಟಕ.

ಆಕೆಯ ಸರಿ ಅಂದರೆ ಅದಲ್ಲ ಸ್ವಾಮಿ. ಎದ್ದಿದ್ದಾರೆ, ಯಾವಾಗ ಎದ್ದರೋ, ಬೆಂಚು ಟಕ್ ಅಂದಿತು, ಎಲ್ಲರೂ ತಿರುಗಿದರು, ನ್ಯಾಯಾಧೀಶರು ಕನ್ನಡಕ ತೆಗೆದು ಮೆತ್ತಗೆ, ಸರ್, ನೀವು ಹಿರಿಯರು, ನಿಮಗೆ ಹೇಳಿಕೊಡಬೇಕಾ, ಹಿಂದಿನಿಂದ ಮಾತಾಡೋ ಹಾಗಿಲ್ಲ, ಅಂದರು, ಜೂನಿಯರ್ ತಲೆ ಎತ್ತದೆ, ಸ್ವಾಮಿ, ಸಾಕ್ಷಿ ವಿದ್ಯಾವಂತರು, ಕಾನೂನು ಪದವಿ ಇದೆ, ಸರಿ ಅಂದರೇನು ಅಂತ ಗೊತ್ತಿಲ್ಲವೇ, ಅಂದ, ಕಾನೂನು, ಅದೂ ಹಾಗೇ ಬಂದದ್ದು, ಊಟದ ಮೇಜಿನ ಮುಂದೆ, ಕಾನೂನು ಓದ್ತೀಯಲ್ಲ? ಸರಿ ಅಪ್ಪ. ಒಳ್ಳೇ ಮನೆತನ, ಹುಡುಗ ಒಪ್ಪಿಗೆ ತಾನೆ? ಸರಿ ಅಪ್ಪ. ಬರೆದುಕೊಂಡರು, ಎಂದರೆ ಸರಿ, ಎಂದರೆ ಸರಿ, ಇಡೀ ಬದುಕನ್ನೇ ಟಕಟಕ ಒತ್ತಿ ಮುಗಿಸಿದರು, ಸಾಕ್ಷಿಯ ಮುಖ ನೋಡಬೇಡ, ಬೆರಳು ನೋಡು, ಅದು ಸುಳ್ಳು ಹೇಳಲ್ಲ ಅಂತ ಊರಿನ ಎಳೆ ವಕೀಲರಿಗೆಲ್ಲ ಪಾಠ ಹೇಳಿದ ಮಹಾನುಭಾವರು, ಆ ಊಟದ ಮೇಜಿನ ಅಂಚನ್ನು ಒಂದು ಎಳೆಯ ಉಗುರು ಕೆರೆಯುತ್ತಿತ್ತು, ಸರಿ ಅಂದಾಗೆಲ್ಲ ಕೆರೆಯುತ್ತಿತ್ತು, ಅವರು ನೋಡಿದ್ದರು, ನೋಡಿ ಹೇಳಿದ್ದೇನು, ಮೇಜು ಕೆರೀಬೇಡ. ಮೇಜು ಉಳಿಯಿತು. ಸ್ವಾಮಿ, ಸರಿ ಅನ್ನೋದು, ನಾವು ಮನೇಲಿ ಆಡೋ ಮಾತಲ್ಲಿ, ಸರಿ ಅಂದರೆ — ಹಾಗಾದರೆ ಗಿರಣಿಯವನ ಸರಿಯೂ ಇದೇ, ಹಾಗಾದರೆ ಗೋಡೆಯ ಫೋಟೊ, ಇಡೀ ಕೋಣೆ ಕಾಯುತ್ತಿದೆ, ಬೆರಳಚ್ಚಿನ ಹೆಣ್ಣುಮಗಳ ಕೈ ಕೂಡ ಗಾಳಿಯಲ್ಲೇ ನಿಂತಿದೆ, ಮಗಳು ತಿರುಗಿದಳು, ಕಣ್ಣಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು, ಸರಿ ಅಪ್ಪ, ಅಂದಳು, ಕೂತ್ಕೊಳ್ಳಿ — ಕಟಕಟೆಯ ಪಟ್ಟಿಯ ಮೇಲೆ, ಬಣ್ಣ ಹೋದ ಆ ಬೋಳು ಜಾಗದಲ್ಲಿ, ಅವಳ ಉಗುರು, ಕೆರೆಯುತ್ತಿದೆ, ಕೆರೆಯುತ್ತಿದೆ, ಅವಳ ಉಗುರು