ಚುಕ್ಕಿ

"ಎಲ್ಲಿ ಕುಯ್ದವ್ರೆ ಅಂತ ತೋರಿಸ್ನೇ ಇಲ್ವಲ್ಲ ನೀನು," ಎಂದಳು ಅವ್ವ ಪುಟ್ಟಸಿದ್ದಮ್ಮ, ಬಸ್ಸು ಬೇಗೂರು ಬಿಟ್ಟ ಕೂಡಲೇ.

"ಕುಯ್ದಿಲ್ಲ ಕಣವ್ವ. ಒಂದಕ್ಕೆ ಓಗೋ ದಾರೀಲೇ ಸಣ್ಣ ನಳಿಕೆ ಬುಟ್ಟು ಗಡ್ಡೆ ತಗದ್ರು."

ಸುನೀಲ ಕಿಟಕಿಯತ್ತ ತಿರುಗಿದ. ಚಾಮರಾಜನಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಮೂತ್ರಕೋಶದ ಗಡ್ಡೆಯ ವರದಿ ಬರುವವರೆಗಿನ ಒಂಬತ್ತು ದಿನ ಅವನು ಅಚ್ಚುಕಟ್ಟಾಗಿ ಸತ್ತಿದ್ದ. ಬೀರುವಿನ ಕೀಲಿ ಎಲ್ಲಿದೆಯೆಂದು ಹೆಂಡತಿಗೆ ತೋರಿಸಿದ್ದ, ಹಳೆಯ ಪತ್ರಗಳನ್ನು ಸುಟ್ಟಿದ್ದ. ಹತ್ತನೆಯ ದಿನ ಡಾಕ್ಟರು, "ಸಾದಾ ಗಡ್ಡೆ, ಮೂರು ತಿಂಗಳಿಗೆ ಬಂದು ತೋರಿಸಿ," ಎಂದು ಮುಂದಿನವರನ್ನು ಕರೆಸಿದರು.

ಅಷ್ಟೇ.

ಸುಧಾರಿಸಿಕೊಳ್ಳಲು ಅವ್ವನ ಊರಿಗೆ ಬಂದರೆ ಪಕ್ಕದ ಮನೆಯ ಕೆಂಪಯ್ಯ ಅಂಗಿ ಎತ್ತಿ, ತನ್ನ ಅಪೆಂಡಿಕ್ಸಿನ ಹೊಲಿಗೆ ತೋರಿಸಿ, "ಇದು ಆಪರೇಶನ್ ಕಣ್ಲಾ. ನಿಂದು ರಜಾ ಹಾಕೋ ಕಾಯ್ಲೆ," ಎಂದಿದ್ದ. ಎಲ್ಲರೂ ನಕ್ಕಿದ್ದರು, ಸುನೀಲನೂ. ಆಮೇಲೆ ಬಚ್ಚಲಲ್ಲಿ ಕಿಬ್ಬೊಟ್ಟೆ ತಡವಿ ನೋಡಿಕೊಂಡಿದ್ದ. ಒಂದು ಗೀರೂ ಇರಲಿಲ್ಲ. ತನಗೆ ಏನೋ ಆಗಿತ್ತು ಎಂಬುದನ್ನು ಅವನೇ ನಂಬದಂತಾಗಿತ್ತು.

ಗುಂಡ್ಲುಪೇಟೆಯ ಬೆಳ್ಳಿ ಅಂಗಡಿಯಲ್ಲಿ ಬಷೀರ್ ಅಹಮದ್ ಹರಕೆಯ ತಟ್ಟೆ ಮುಂದಿಟ್ಟ. ಬೆಳ್ಳಿ ತಗಡಿನ ಕಣ್ಣು, ಕಿವಿ, ಕೈ, ಕಾಲು. ವಾಸಿಯಾದ ಅಂಗವನ್ನೇ ದೇವರಿಗೆ ಒಪ್ಪಿಸುತ್ತೇನೆಂದು ಅವ್ವ ಹೇಳಿಕೊಂಡಿದ್ದಳು.

"ಮೂತ್ರದ ಚೀಲ ಯಾರೂ ಕೇಳಿಲ್ಲಮ್ಮ. ಹೊಟ್ಟೆ ತಕೊಂಡೋಗಿ, ಎಲ್ಲಾ ಅದ್ರೊಳಗೇ ಬತ್ತದೆ."

"ಬ್ಯಾಡಪ್ಪ. ಬ್ಯಾರೇದು ಕೊಟ್ರೆ ಅರ್ಕೆ ತೀರಕಿಲ್ಲ. ತಿರ್ಗ ಬಂದ್ಬುಟ್ರೆ?"

ಬಷೀರ್ ಕಾಗದ, ಪೆನ್ಸಿಲು ನೀಡಿದ. "ನೀವೇ ಬರ್ದು ಕೊಡಿ ಸಾರ್. ಕತ್ತರಿಸ್ಕೊಡ್ತೀನಿ."

ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರ. ಈ ಸಲ ನಿಧಾನವಾಗಿ ಬರೆದ.

"ಸಣ್ಣೀರುಳ್ಳಿ ಇದ್ದಂಗದೆ," ಬಷೀರ್ ನಕ್ಕ.

ಸುನೀಲ ಚೀಲದ ಎಡಗೋಡೆಯಲ್ಲಿ ಒಂದು ಚುಕ್ಕಿ ಇಟ್ಟ. ಒತ್ತಿ ಒತ್ತಿ ತಿದ್ದಿದ. "ಇಲ್ಲಿತ್ತು," ಎಂದ.

ಅವ್ವ ಕಾಗದ ಎಳೆದುಕೊಂಡಳು. "ಅದ್ಯಾಕ್ಲಾ ಬರ್ದೆ? ಓಯ್ತಲ್ಲ ಅದು." ಬಾಟಲಿಯ ನೀರಿನಲ್ಲಿ ಬೆರಳದ್ದಿ, ಮಗುವಿನ ಕೆನ್ನೆ ಒರೆಸುವ ಹಾಗೆ ಉಜ್ಜಿದಳು. ಚುಕ್ಕಿ ಹೋಯಿತು, ಅಷ್ಟಗಲದ ಕಾಗದವೂ ಹೋಗಿ ತೂತಾಯಿತು.

ಬಷೀರ್ ಕತ್ತರಿಸಿ ಕೊಟ್ಟ ಬೆಳ್ಳಿಯಲ್ಲಿ ಆ ತೂತು ಇರಲಿಲ್ಲ. ಎಲ್ಲ ಕಡೆ ನುಣುಪು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

"ಈಗ ವಾಸಿ ಆಯ್ತು ನೋಡು. ಓಗನ ಬಾ," ಎಂದು ರಸ್ತೆಗಿಳಿದಳು.

ಕಾಗದ ಅಲ್ಲೇ ಬಿದ್ದಿತ್ತು. ಸುನೀಲ ಅದನ್ನೆತ್ತಿ ಕಣ್ಣಿಗೆ ಹಿಡಿದ. ತೂತಿನಲ್ಲಿ ಮೊದಲು ಅವ್ವ ಕಂಡಳು, ಆಮೇಲೆ ಒಂದು ಬಸ್ಸು, ಆಮೇಲೆ ಬರೀ ರಸ್ತೆ.