ನಲವತ್ತೊಂದನೆಯ ತಾಸು

ಉಣಕಲ್ ಕೆರೆ ಬಸ್ಸಿನ ಗಾಜಿನಾಚೆ ಮಿಂಚಿ ಹಿಂದೆ ಹೋಯಿತು, ಬೆಳಗಿನ ಬಿಸಿಲು ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಬಿದ್ದು ಪರದೆಯೇ ಕಾಣುತ್ತಿಲ್ಲ — ಇರಲಿ, ಎಲ್ಲ ಬಾಯಿಪಾಠ, ಹತ್ತೂವರೆಗೆ ಲ್ಯಾಬಿನ ಮುಖ್ಯಸ್ಥ ವಿಜಯೀಂದ್ರ ಸರ್ ಎದುರು ಹೇಳುತ್ತೇನೆ, ನಾನಲ್ಲದೆ ಇನ್ಯಾರು ಹೇಳಬೇಕು. ಎರಡು ವರ್ಷ ಕಂಪ್ಯೂಟರಿನೊಳಗೆ ಜೀವಕೋಶಗಳನ್ನು ನಡೆಸಿದ್ದೇನೆ, ಗಾಯದ ಎರಡೂ ಅಂಚಿನಿಂದ ತೆವಳುತ್ತ ಬಂದು ನಡುವೆ ಕೂಡಬೇಕು, ನನ್ನ ಲೆಕ್ಕಕ್ಕೆ ಹದಿನೆಂಟು ತಾಸು. ಲ್ಯಾಬಿನಲ್ಲಿ ನನ್ನ ಜೊತೆಗಾತಿ ಸಿತಾರಾ ನಿಜವಾದ ಜೀವಕೋಶಗಳ ಪದರಕ್ಕೆ ಗಾಯದ ಹಾಗೆ ಗೀರೆಳೆದು ಕಾದಳು, ಹದಿನೆಂಟು ತಾಸಿಗೆ ಅರ್ಧವೇ ಮುಚ್ಚಿತ್ತು, ಮತ್ತೆ ಮಾಡಿದಳು, ಮತ್ತೆ ಅದೇ. ಲೆಕ್ಕ ಬರೋಬ್ಬರಿ ಅದ, ನಿಮ್ಮ ಕೈಯಾಗ ದೋಷ ಅದ, ಮುಂದಿನ ತಿಂಗಳಿಂದ ಬರಬ್ಯಾಡ್ರಿ, ಅಂದರು ಸರ್ ಸೋಮವಾರ ಆಕೆಗೆ, ನಾನಲ್ಲೇ ಇದ್ದೆ, ಆಕೆ ಕೈಗವಸು ಕಳಚಿ ನನ್ನ ಕಡೆ ತಿರುಗಿ, ಚಾ ಕುಡಿಯೂಣ ನಡಿ ಪ್ರಾಚಿ, ಎಂದಳು. ಮನೆಗೆ ಬಂದು ನನ್ನ ಪ್ರೋಗ್ರಾಮಿನ ಸಾಲು ಸಾಲು ತೆಗೆದು ನೋಡಿದೆ, ಸಿಕ್ಕಿತು, ಜೀವಕೋಶದೊಳಗೆ ಸುದ್ದಿ ಒಯ್ಯುವ ಅಣು ಎಷ್ಟು ಬೇಗ ಹರಡುತ್ತದೆ ಎನ್ನುವಲ್ಲಿ ನಾನು ಹಾಕಿದ್ದು ಬರೀ ನೀರಿನಲ್ಲಿ ಅಳೆದ ವೇಗ, ಒಳಗೆ ಬರೀ ನೀರೆಲ್ಲಿದೆ, ಪ್ರೋಟೀನು ಒತ್ತೊತ್ತಾಗಿ ತುಂಬಿದೆ, ಅಣು ನುಸುಳಿಯೇ ಹೋಗಬೇಕು, ಆ ವೇಗದ ಏಳನೆಯ ಒಂದು ಪಾಲು ಅಷ್ಟೆ, ಹೋದ ವರ್ಷವೇ ಸಿತಾರಾ ಅಳೆದು ಕೊಟ್ಟಿದ್ದಳು, ನಾನು ಆ ಫೈಲು ತೆರೆದೇ ಇರಲಿಲ್ಲ. ಅದನ್ನು ಹಾಕಿ ಓಡಿಸಿದೆ, ಹದಿನೆಂಟಕ್ಕೆ ಅರ್ಧ, ಪೂರ್ತಿ ಮುಚ್ಚುವುದು ನಲವತ್ತೊಂದಕ್ಕೆ, ಕೂಡಲೇ ಆಕೆಗೆ ಫೋನು, ಇನ್ನೊಂದ್ಸಲ ಗೀರ್ ಎಳಿ, ನಲವತ್ತೊಂದು ತಾಸು ಬಿಡು, ನನ್ನ ಮಾತು ಕೇಳು. ನಿನ್ನೆ ಸಂಜೆ ಆಕೆಯ ಧ್ವನಿ, ಮುಚ್ಚೈತಿ ಪ್ರಾಚಿ, ಪೂರ್ತಿ ಮುಚ್ಚೈತಿ. ಧಾರವಾಡ ಬಂತು, ಇಳಿದೆ, ಮೆಟ್ಟಿಲು ಎರಡೆರಡು ದಾಟಿದೆ, ಈಗ ಮೀಟಿಂಗ್ ಕೋಣೆ, ಎರಡೂ ಚಿತ್ರ ಪಕ್ಕಪಕ್ಕ ಪರದೆಯ ಮೇಲೆ, ಆಕೆಯದು, ನನ್ನದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಸರ್ ಕನ್ನಡಕ ಒರೆಸುತ್ತಾರೆ, ಹಂಗಾದ್ರ ತಪ್ಪು ಯಾರದು, ನಂದ್ರಿ ಸರ್, ಆಕಿ ಅಳತಿ ಖರೇ ಇತ್ತು, ನಾ ನೋಡಲಿಲ್ಲ, ಆಕಿ ಹೋಗೂದಾದ್ರ ಈ ಕೆಲಸದ ಮ್ಯಾಲೆ ನನ್ನ ಹೆಸರೂ ಬ್ಯಾಡ್ರಿ. ಸರ್ ಕನ್ನಡಕ ಹಾಕಿಕೊಂಡು ಹಿಂದಕ್ಕೆ ತಿರುಗಿದರು. ಸಿತಾರಾ, ನಾ ಅವಸರ ಮಾಡಿದೆ, ನೀವ್ ಎಲ್ಲೂ ಹೋಗಬ್ಯಾಡ್ರಿ, ಪ್ರಾಚಿ, ಮುಂದ ಹೇಳು. ಮುಂದೆ ಹೇಳಬೇಕು, ಮುಂದಿನ ಚಿತ್ರ, ಆದರೆ ಕೊನೆಯ ಕುರ್ಚಿಯಲ್ಲಿ ಸಿತಾರಾ, ಬರೆದುಕೊಳ್ಳಲೆಂದು ಮಸಿಪೆನ್ನನ್ನು ಹಾಳೆಗೆ ಊರಿದವಳು ಬರೆಯುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಮುಂದೆ ಹೇಳಬೇಕು, ಪೆನ್ನಿನ ಮೊನೆ ಕದಲುತ್ತಿಲ್ಲ, ಅದರ ಸುತ್ತ ಮಸಿ, ಆ ಅಣುವಿನ ಹಾಗೆಯೇ ನುಸುಳಿ ನುಸುಳಿ, ಹರಡುತ್ತಿದೆ, ಮುಂದೆ, ಮುಂದೆ — ಬಿಳಿ ಹಾಳೆ, ಪೆನ್ನಿನ ಮೊನೆ, ಹರಡುತ್ತಲೇ ಇರುವ ಮಸಿ