ಮುಖ ಬಿಗಿಹಿಡಿದ ಐದು ದಿನ

ಶುಕ್ರವಾರ ಮಧ್ಯಾಹ್ನ ತೀರ್ಪಿನ ಕರಡು ಮೇಜಿನ ಮೇಲೆ ಬಂದು ಬಿದ್ದಾಗಿನಿಂದ ಮೇರಿಯನ್ ಥ್ವೇಟ್‌ಗೆ ತನ್ನ ಮುಖವನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯದಾಯಿತು. ಮೂವತ್ತು ವರ್ಷ ವಕೀಲಿಕೆ ಮಾಡಿದ ಹೆಂಗಸು. ಸೋತ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು, ಗೆದ್ದ ಸುದ್ದಿ ಮಾತ್ರ ಗಂಟಲಲ್ಲೇ ನಿಂತು ಒದ್ದಾಡುತ್ತಿತ್ತು.

ತೀರ್ಪು ಹೇಳುವ ಕೆಲವು ದಿನ ಮುಂಚೆ ಕರಡು ಎರಡೂ ಕಡೆಯ ವಕೀಲರ ಕೈಗೆ ಬರುತ್ತದೆ, ಸಣ್ಣಪುಟ್ಟ ತಪ್ಪಿದ್ದರೆ ಹುಡುಕಿ ಕೊಡಲಿ ಎಂದು. ಈ ನ್ಯಾಯಾಧೀಶರಂತೂ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದ್ದರು: ಬುಧವಾರ ಹತ್ತು ಗಂಟೆಯವರೆಗೆ ಕಕ್ಷಿದಾರರಿಗೂ ಒಂದು ಮಾತು ಹೇಳಕೂಡದು. ಹೇಳಿದರೆ ನ್ಯಾಯಾಂಗ ನಿಂದನೆ.

ಆ ಕಕ್ಷಿದಾರ ವಿಲ್ಫ್ರೆಡ್ ಒಗ್ಡನ್‌ಗೆ ಎಂಬತ್ತಮೂರು ವರ್ಷ. ಹೆಂಡತಿ ಎನಿಡ್‌ಗೆ ಕಣ್ಣು ಹೋಗಿ, ಕಾಲೂ ಕೈಕೊಟ್ಟ ಮೇಲೆ ನಗರಸಭೆ ಅವಳನ್ನು ತನ್ನ ವೃದ್ಧಾಶ್ರಮಕ್ಕೆ ಸೇರಿಸಿತ್ತು. ನಾನೂ ಅವಳ ಜೊತೆ ಬರುತ್ತೇನೆ ಎಂದು ಈತ ಕೇಳಿದ್ದಕ್ಕೆ, ನೀವು ಗಟ್ಟಿಮುಟ್ಟಾಗಿ ಓಡಾಡುತ್ತೀರಿ, ನಮ್ಮ ನಿಯಮಕ್ಕೆ ಬರುವುದಿಲ್ಲ ಎಂದುಬಿಟ್ಟರು. ಐವತ್ತೆಂಟು ವರ್ಷದ ಸಂಸಾರದ ನಡುವೆ ಹದಿನಾಲ್ಕು ಮೈಲಿ ಬಂತು. ಕುಟುಂಬ ಜೀವನವನ್ನು ಗೌರವಿಸಬೇಕು ಎನ್ನುವ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ ಎಂಟನೆಯ ವಿಧಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೇರಿಯನ್ ಲೀಡ್ಸ್‌ನ ಹೈಕೋರ್ಟಿಗೆ ಹೋದಳು. ಎನಿಡ್‌ಳ ಪಕ್ಕದ ಕೋಣೆ ಖಾಲಿಯಿತ್ತು. ತೀರ್ಪು ಬರುವವರೆಗೆ ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ನಗರಸಭೆ ಮಾತು ಕೊಟ್ಟಿತ್ತು.

ಸೋಮವಾರ ಬೆಳಿಗ್ಗೆ ವಿಲ್ಫ್ರೆಡ್ ಎಂದಿನಂತೆ ಡಬ್ಬಿಯಲ್ಲಿ ಶುಂಠಿ ಕೇಕು ಹಿಡಿದುಕೊಂಡು ಅವಳ ಆಫೀಸಿಗೆ ಬಂದ.

"ಬಂತೇನಮ್ಮ ಏನಾದ್ರೂ?"

"ಬುಧವಾರ ಗೊತ್ತಾಗುತ್ತೆ ಒಗ್ಡನ್ ಅವರೇ."

"ನಿನ್ನ ಮುಖ ನೋಡಿದ್ರೆ ಈಗ್ಲೇ ಗೊತ್ತಾಗೋ ಹಾಗಿದೆ."

ನಕ್ಕರೆ ಕೆಟ್ಟೆ ಎಂದು ಮೇರಿಯನ್ ಹಲ್ಲು ಕಚ್ಚಿ ಕಿಟಕಿಯ ಕಡೆ ತಿರುಗಿದಳು. ಹಾಳು ಕಣ್ಣು, ಅದೇ ಹೊತ್ತಿಗೆ ಒದ್ದೆಯಾಯಿತು. ಏನು ಮಾಡಲೂ ತೋಚದೆ ಅವನನ್ನು ತನ್ನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ತಾನೇ ಹೋಗಿ ಚಹಾ ಮಾಡಿಕೊಂಡು ಬಂದಳು. ಮುದುಕ ಚಹಾ ಕುಡಿದು, ಅವಳ ಭುಜ ತಟ್ಟಿ, ಕೇಕಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ. ಸದ್ಯ, ಏನೂ ಬಿಟ್ಟುಕೊಡಲಿಲ್ಲವಲ್ಲ ಎಂದು ಇವಳು ಬೆನ್ನು ತಟ್ಟಿಕೊಂಡಳು.

ಮಂಗಳವಾರ ಅವನ ಫೋನು.

"ಆಶ್ರಮಕ್ಕೆ ಹೇಳ್ಬಿಟ್ಟೆ ಕಣಮ್ಮ, ಆ ಕೋಣೆ ಬೇರೆಯವರಿಗೆ ಕೊಡಿ ಅಂತ. ಪಾಪ, ಯಾರೋ ಒಬ್ಬಾಕೆ ಕಾಯ್ತಾ ಇದ್ದಾಳಂತೆ. ಸುಮ್ನೆ ಯಾಕೆ ಅವಳನ್ನ ಸತಾಯಿಸೋದು."

"ಸೋತಿದ್ದೀರಿ ಅಂತ ಯಾರು ಹೇಳಿದ್ರು ನಿಮಗೆ?"

"ನೀನೇ. ಹತ್ತು ತಿಂಗಳಲ್ಲಿ ಒಂದು ದಿನಾನೂ ಚಹಾ ಮಾಡಿದವಳಲ್ಲ ನೀನು. ವಕೀಲ್ರೇ ಎದ್ದು ಹೋಗಿ ಚಹಾ ಮಾಡ್ಕೊಟ್ರೆ ಇನ್ನೇನು ಉಳೀತು? ನೀನೇನೂ ಬೇಜಾರು ಮಾಡ್ಕೋಬೇಡ. ನಿನ್ನ ಕೈಲಾದದ್ದು ನೀನು ಮಾಡಿದೀಯ."

ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೇ ಬಂದಿತ್ತು. ಮೇರಿಯನ್ ಅದನ್ನು ನುಂಗಿ, ನಾಳೆ ಕೋರ್ಟಿಗೆ ಬನ್ನಿ, ಅಲ್ಲಿಯವರೆಗೆ ದಯವಿಟ್ಟು ಇನ್ನು ಯಾರಿಗೂ ಫೋನ್ ಮಾಡಬೇಡಿ ಎಂದಷ್ಟೇ ಹೇಳಿದಳು. ತಾನು ಗೆದ್ದುಕೊಟ್ಟ ಕೋಣೆಯನ್ನು ತನ್ನ ಒಂದು ಲೋಟ ಚಹಾ ಕಳೆದುಹಾಕಿತಲ್ಲ.

ಆ ಕರಡನ್ನು ಓದಿದ ಇನ್ನೊಬ್ಬನೆಂದರೆ ನಗರಸಭೆಯ ವಕೀಲ ಡೆಸ್ಮಂಡ್ ಪಿಮ್. ಹತ್ತು ತಿಂಗಳು ಒಂದು ಅಲ್ಪವಿರಾಮಕ್ಕೂ ಬಿಡದೆ ಜಗಳವಾಡಿದ ಒಣಕಲು ಮನುಷ್ಯ. ಅವನ ಹತ್ತಿರವಾದರೆ ಮಾತಾಡಬಹುದು. ತಕ್ಷಣ ಅವನಿಗೆ ಫೋನ್ ಹಚ್ಚಿದಳು.

"ಪಿಮ್ ಅವರೇ, ಆ ಕೋಣೆ ಬೇರೆಯವರ ಪಾಲಾಗೋ ಹಾಗಿದೆ."

ಆ ಕಡೆ ಪಿಮ್ ಕಾಗದ ಮಗುಚಿದ ಸದ್ದು.

"ಆಗಲ್ಲ. ಆ ಕೋಣೆಗೆ ಬಣ್ಣ ಹೊಡೀಬೇಕು. ಗುರುವಾರದವರೆಗೆ ಯಾರನ್ನೂ ಒಳಗೆ ಬಿಡಬೇಡಿ ಅಂತ ನಮ್ಮವರಿಗೆ ಹೇಳಿದೀನಿ. ಕಾಯ್ತಿದ್ದಾಕೆಗೆ ಕೆಳಗಿನ ಮಹಡೀಲಿ ಜಾಗ ಸಿಕ್ಕಿದೆ."

"ಯಾವಾಗ ಹೇಳಿದ್ರಿ?"

"ಶುಕ್ರವಾರ. ಮಧ್ಯಾಹ್ನದ ಮೇಲೆ."

"ಗೋಡೆ ಅಷ್ಟೊಂದು ಕೆಟ್ಟಿದ್ಯಾ?"

"ನನಗೇನು ಗೊತ್ತು. ನಾನು ನೋಡಿಲ್ಲ."

ಆ ಗಳಿಗೆಯಲ್ಲಿ ಪಿಮ್ ಎದುರಿಗಿದ್ದಿದ್ದರೆ ಅವಳು ಅವನನ್ನು ಅಪ್ಪಿಕೊಂಡೇಬಿಡುತ್ತಿದ್ದಳು. ಬದಲಿಗೆ ಥ್ಯಾಂಕ್ಸ್ ಎಂದಳು. ಯಾತಕ್ಕೆ ಎಂದು ಕೇಳಿ ಅವನು ಫೋನಿಟ್ಟ.

ಬುಧವಾರ ನ್ಯಾಯಾಧೀಶರು ಬಂದು, ಕಾರಣಗಳೆಲ್ಲ ಬರಹದಲ್ಲಿವೆ, ನಗರಸಭೆಯ ನಿರ್ಧಾರವನ್ನು ರದ್ದು ಮಾಡಿದ್ದೇನೆ ಎಂದು ಹೇಳಿ ಎದ್ದು ಹೋದರು. ಒಂದು ನಿಮಿಷವೂ ಹಿಡಿಯಲಿಲ್ಲ. ವಿಲ್ಫ್ರೆಡ್ ಕಿವಿಯ ಹಿಂದೆ ಕೈಯಿಟ್ಟುಕೊಂಡು ಇನ್ನೂ ಕಾಯುತ್ತಲೇ ಇದ್ದ.

"ಏನಂದ್ರು?"

"ಗೆದ್ರಿ. ಕೋಣೆ ಹಾಗೇ ಇದೆ. ನಾಳೇನೇ ಹೋಗ್ಬಹುದು."

ಅವನು ಅವಳ ಕಡೆ ತಿರುಗಿದ. "ನಿನಗೆ ಮೊದ್ಲೇ ಗೊತ್ತಿತ್ತಾ?"

"ಶುಕ್ರವಾರದಿಂದ."

"ಐದು ದಿನ ಒಬ್ಬಳೇ ಹೊತ್ಕೊಂಡಿದ್ಯಾ? ಅಯ್ಯೋ ನನ್ನ ಕಂದ."

ಕೋರ್ಟಿನ ಮೊಗಸಾಲೆಯಲ್ಲಿ ಮೇರಿಯನ್ ತನ್ನ ಮೊಬೈಲಿನಿಂದ ಆಶ್ರಮಕ್ಕೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟಳು. ಇಬ್ಬರದೂ ಮಂದ ಕಿವಿ, ಇಬ್ಬರೂ ಕೂಗಿಯೇ ಮಾತಾಡುತ್ತಿದ್ದರು.

"ಎನಿಡ್, ನಾಳೆ ಬೆಳಿಗ್ಗೆ ಬರ್ತೀನಿ."

"ಬಾ. ವಾಪಸ್ ಎಷ್ಟು ಹೊತ್ತಿಗೆ ಹೊರಡ್ಬೇಕು ನೀನು?"

"ಹೊರಡಲ್ಲ ಕಣೇ."

ಎನಿಡ್ ಈ ಸಲ ಕೂಗದೆ, ಮೆಲ್ಲಗೆ ಅಂದಳು:

"ಹಾಗಾದ್ರೆ ಅವಸರ ಮಾಡ್ಬೇಡ ಕಣೋ. ನಿಧಾನಕ್ಕೆ ಬಾ."